ಗುಜರಿಯ ಹಳೇ ಲೇತ್ ಮನೆಯಲ್ಲೇ ಸರಿ ಮಾಡಬಹುದಾ? ಮಾಡಬಹುದು, ಮೇ ತಿಂಗಳಲ್ಲಿ ಮಾತ್ರ ಬಿಚ್ಚಬೇಡಿ

ನಿಮ್ಮ ಪ್ರಶ್ನೆ ಇದು: ಮಲ್ಪೆ ಹತ್ತಿರ ಗುಜರಿಯಲ್ಲಿ ನಾಲ್ಕೂವರೆ ಅಡಿಯ ಹಳೇ ಬೆಲ್ಟ್ ಲೇತ್ (ಕಬ್ಬಿಣದ ರಾಡನ್ನು ತಿರುಗಿಸಿ ಕಡಿಯುವ ಮಿಷನ್) ನೋಡಿದ್ದೀರಿ, ಮೈಯೆಲ್ಲ ತುಕ್ಕು, ಮನೆ ಹಿಂದಿನ ಶೆಡ್ಡಿನಲ್ಲಿಟ್ಟು ನೀವೇ ರಿಪೇರಿ ಮಾಡಿಕೊಳ್ಳಬಹುದಾ, ಎಲ್ಲಿಂದ ಶುರು ಮಾಡಬೇಕು.

ಮಾಡಬಹುದು. ನಾನೇ ಮಾಡಿದ್ದೇನೆ. ನಾನು ಟರ್ನರೂ ಅಲ್ಲ, ಫಿಟ್ಟರೂ ಅಲ್ಲ, ಹಗಲಿಡೀ ಸೊಸೈಟಿಯಲ್ಲಿ ಕೂತು ಲೆಕ್ಕ ಬರೆಯುವವನು. ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ಹೆಚ್ಚೆಂದರೆ ಒಂದು ಕಿಲೋಮೀಟರ್. ನನ್ನ ಲೇತ್ ಕೂಡ ಬೋಟ್ ರಿಪೇರಿ ಶಾಪೊಂದರಲ್ಲಿ ವರ್ಷಗಟ್ಟಲೆ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಿ ಸುಸ್ತಾಗಿ ಗುಜರಿಗೆ ಬಂದದ್ದು. ಹೆಸರಿನ ಪ್ಲೇಟ್ ಇಲ್ಲ, ಅದು ಇದ್ದ ಜಾಗದಲ್ಲಿ ಎರಡು ರಿವೆಟ್ಟಿನ ತೂತು ಮಾತ್ರ ಉಂಟು.

ಮೊದಲು ನಾನು ಮಾಡಿದ ಎಡವಟ್ಟು ಹೇಳುತ್ತೇನೆ, ಯಾಕೆಂದರೆ ಬೇರೆ ಊರಿನವರ ವೀಡಿಯೋ ನೋಡಿದರೆ ಇದನ್ನು ಯಾರೂ ಹೇಳುವುದಿಲ್ಲ. ಲೇತ್ ತಂದದ್ದು ಏಪ್ರಿಲ್‌ನಲ್ಲಿ. ಉತ್ಸಾಹ ತಡೆಯಲಾಗದೆ ಮೇ ಎರಡನೇ ವಾರ ಒಂದೇ ಸಲಕ್ಕೆ ಎಲ್ಲ ಬಿಚ್ಚಿದೆ. ಹೆಡ್‌ಸ್ಟಾಕ್ (ರಾಡನ್ನು ತಿರುಗಿಸುವ ಕಡೆ), ಸ್ಯಾಡಲ್ (ಟೂಲನ್ನು ಹೊತ್ತು ಓಡಾಡುವ ಭಾಗ), ಅದರ ಮುಂದಿನ ಏಪ್ರನ್, ಟೈಲ್‌ಸ್ಟಾಕ್ (ಇನ್ನೊಂದು ತುದಿಯ ಆಸರೆ) ಎಲ್ಲ ಬೇರೆ ಬೇರೆ, ಒಂದೊಂದನ್ನೂ ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ತಿಕ್ಕಿ ಫಳಫಳ ಮಾಡಿ ಪೇಪರ್ ಹಾಸಿ ಸಾಲಾಗಿ ಇಟ್ಟೆ. ಹದಿನೈದು ದಿನದಲ್ಲಿ ಜೋಡಿಸಿ ಮುಗಿಸುತ್ತೇನೆ ಅಂತ ಲೆಕ್ಕ. ಪತ್ತನಾಜೆ (ಮಳೆಗಾಲದ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆಯಿತು, ಮನೆಯಲ್ಲೊಂದು ಮದುವೆ ಬಂತು, ಹಿಂದೆಯೇ ಮಳೆ ಬಂತು. ಜೂನ್ ಮಧ್ಯದಲ್ಲಿ ಶೆಡ್ಡಿನ ಬಾಗಿಲು ತೆಗೆದರೆ ಕ್ರಾಸ್ ಸ್ಲೈಡಿನ ಮೇಲೆ ಯಾರೋ ಕುಂಕುಮ ಉದುರಿಸಿದ ಹಾಗೆ ತುಕ್ಕು. ಎತ್ತಿ ತಿರುಗಿಸಿ ನೋಡಿದೆ, ಅಡಿಯಲ್ಲಿ ಪೇಪರಿನ ಹೆಡ್‌ಲೈನ್ ಉಲ್ಟಾ ಅಚ್ಚಾಗಿತ್ತು. ಅಷ್ಟು ವರ್ಷ ಗುಜರಿಯಲ್ಲಿ ಬಿದ್ದಿದ್ದಾಗ ಆಗದ ತುಕ್ಕು ನನ್ನ ಶೆಡ್ಡಿನಲ್ಲಿ ಒಂದು ತಿಂಗಳಲ್ಲಿ ಆಯಿತು. ಅದನ್ನು ಅಷ್ಟು ದಿನ ಕಾಪಾಡಿದ್ದು ನಾನು ಕಷ್ಟಪಟ್ಟು ತಿಕ್ಕಿ ತೆಗೆದ ಆ ಕೊಳಕು ಜಿಡ್ಡೇ.

ನಮ್ಮ ಕರಾವಳಿಯ ಲೆಕ್ಕವೇ ಬೇರೆ. ರಾತ್ರಿ ಮಳೆಗೆ ನಾಲ್ಕೈದು ಕ್ವಿಂಟಾಲ್ ಬೀಡು ಕಬ್ಬಿಣ ತಣ್ಣಗಾಗಿ ಕೂತಿರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಬಿಸಿಲು ಬಿದ್ದು ಗಾಳಿ ಬಿಸಿಯಾಗುತ್ತದೆ, ಕಬ್ಬಿಣ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟ್ಲಿ ಬೆವರುವ ಹಾಗೆ ಬೆಡ್, ಅಂದರೆ ಸ್ಯಾಡಲ್ ಓಡಾಡುವ ಉದ್ದದ ಹಳಿ, ಬೆವರುತ್ತದೆ. ಅದರ ಮೇಲೆ ಸಮುದ್ರದ ಉಪ್ಪು ಬೇರೆ, ಅದು ತಾನೇ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಹಾಗಾಗಿ ದೊಡ್ಡ ಬಿಚ್ಚಾಟ ಏನಿದ್ದರೂ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಒಂದು ಭಾಗ ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ, ಜೋಡಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಪತ್ತನಾಜೆಯ ಒಳಗೆ ಎಲ್ಲ ತನ್ನ ತನ್ನ ಜಾಗದಲ್ಲಿ ಇರಬೇಕು.

ಈಗ ಗುಜರಿಗೆ ಹೋಗಿ ಏನು ನೋಡಬೇಕು ಅಂತ. ತುಕ್ಕು ನೋಡಿ ಹೆದರಬೇಡಿ, ಅದು ಹೋಗುತ್ತದೆ. ಪೇಂಟ್ ಚೆನ್ನಾಗಿದೆ ಅಂತ ಖುಷಿಯೂ ಪಡಬೇಡಿ, ಗುಜರಿಯವರ ಹತ್ತಿರ ಬ್ರಷ್ ಇರುತ್ತದೆ. ನೋಡಬೇಕಾದ್ದು ಬೆಡ್, ಸ್ಪಿಂಡಲ್ (ಹೆಡ್‌ಸ್ಟಾಕಿನಲ್ಲಿ ತಿರುಗುವ ಮುಖ್ಯ ಶಾಫ್ಟ್), ಗೇರಿನ ಹಲ್ಲು.

ಬೆಡ್ ಸವೆಯುವುದು ಚಕ್ಕಿನ, ಅಂದರೆ ರಾಡನ್ನು ಕಚ್ಚಿ ಹಿಡಿಯುವ ಭಾಗದ ಹತ್ತಿರ, ಯಾಕೆಂದರೆ ಎಲ್ಲರೂ ಕೆಲಸ ಮಾಡುವುದು ಅಲ್ಲೇ. ಟೈಲ್‌ಸ್ಟಾಕ್ ತುದಿ ಹೊಸದರ ಹಾಗೇ ಇರುತ್ತದೆ. ಒಂದು ಬಟ್ಟೆಗೆ ಚಿಮಿಣಿ ಎಣ್ಣೆ ಹಾಕಿ ಬೆಡ್ ಒರೆಸಿ, ಉಗುರನ್ನು ಅಡ್ಡಕ್ಕೆ ಎಳೆದು ನೋಡಿ. ಸ್ಯಾಡಲ್ ಓಡಾಡುವ ಜಾಗಕ್ಕೂ ಅದು ಮುಟ್ಟದ ಜಾಗಕ್ಕೂ ನಡುವೆ ಮೆಟ್ಟಿಲಿನ ಹಾಗೆ ಉಗುರು ಸಿಕ್ಕಿಕೊಂಡರೆ ಅಷ್ಟು ಸವೆದಿದೆ ಅಂತ. ಇನ್ನೊಂದು ಪರೀಕ್ಷೆ: ಚಕ್ಕಿನ ಹತ್ತಿರ ಸ್ಯಾಡಲ್ಲಿನ ಲಾಕನ್ನು ಸ್ವಲ್ಪ ಹಿಡಿಯುವಷ್ಟು ಬಿಗಿ ಮಾಡಿ, ಕೈಯಲ್ಲಿ ಟೈಲ್‌ಸ್ಟಾಕ್ ಕಡೆ ತಳ್ಳಿಕೊಂಡು ಹೋಗಿ. ಅರ್ಧ ದಾರಿಯಲ್ಲೇ ಗಟ್ಟಿಯಾಗಿ ನಿಂತರೆ ಸವೆತ ಜಾಸ್ತಿ.

ಆದರೆ ಸವೆದ ಬೆಡ್ ನೋಡಿ ತಕ್ಷಣ ಬೇಡ ಅನ್ನಬೇಡಿ, ಇಲ್ಲೊಂದು ಲೆಕ್ಕ ಉಂಟು, ನನಗೆ ಬಹಳ ಸಮಾಧಾನ ಕೊಟ್ಟ ಲೆಕ್ಕ. ಟೂಲಿನ ತುದಿ 0.1 ಮಿಲಿಮೀಟರ್ ನೇರ ಕೆಳಗೆ ಇಳಿಯಿತು ಅಂತಿಟ್ಟುಕೊಳ್ಳಿ. 50 ಮಿಲಿಮೀಟರ್ ದಪ್ಪದ ರಾಡಿನ ಅಳತೆಯಲ್ಲಿ ಆಗುವ ವ್ಯತ್ಯಾಸ ಬರೀ 0.0004 ಮಿಲಿಮೀಟರ್. ಅದನ್ನು ಅಳೆಯಲು ನಿಮ್ಮ ಹತ್ತಿರವೂ ಸಾಧನ ಇಲ್ಲ, ನನ್ನ ಹತ್ತಿರವೂ ಇಲ್ಲ. ಅದೇ 0.1 ಮಿಲಿಮೀಟರ್ ಟೂಲು ನಿಮ್ಮ ಕಡೆಗೆ, ಅಂದರೆ ಹಿಂದಕ್ಕೆ ಸರಿದರೆ ವ್ಯತ್ಯಾಸ 0.2. ಐನೂರು ಪಟ್ಟು. ಬೆಡ್ ಕೆಳಮುಖವಾಗಿ ಸವೆದದ್ದಕ್ಕಿಂತ ಸ್ಯಾಡಲ್ ಮುಂದಕ್ಕೆ ಹಿಂದಕ್ಕೆ ವಾಲುವುದೇ ಹೆಚ್ಚು ತೊಂದರೆ ಕೊಡುವುದು ಇದಕ್ಕೇ. ಮನೆಯಲ್ಲಿ ಬುಷ್, ಪಿನ್ನು, ಸಣ್ಣ ಶಾಫ್ಟ್ ಮಾಡುವವನಿಗೆ ಅಷ್ಟಿಷ್ಟು ಸವೆದ ಬೆಡ್ ನಡೆಯುತ್ತದೆ. ಬೆಡ್ ಗ್ರೈಂಡಿಂಗ್ ಮಾಡಿಸುತ್ತೇನೆ ಅಂತ ಹೊರಟರೆ ಲೇತಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ.

ಸ್ಪಿಂಡಲ್ ನೋಡಲು ಚಕ್ಕಿನಲ್ಲಿ ಒಂದು ರೀಪಿನ ತುಂಡು ಸಿಕ್ಕಿಸಿ ಮೇಲಕ್ಕೆ ಎತ್ತಿ, ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇದ್ದರೆ ಇಟ್ಟು ನೋಡಿ. ಹಳೇ ಬೆಲ್ಟ್ ಲೇತಿನಲ್ಲಿ ಸಾಮಾನ್ಯವಾಗಿ ಗನ್‌ಮೆಟಲ್ (ಒಂದು ಥರದ ಕಂಚು) ಬುಷ್ಷೇ ಇರುವುದು. ಎರಡು ಹೋಳಿನ ಬುಷ್ ಆದರೆ ಮೇಲಿನ ಕ್ಯಾಪಿನ ಅಡಿಯಲ್ಲಿ ತೆಳ್ಳಗಿನ ತಗಡಿನ ಪದರ ಇರುತ್ತದೆ, ಒಂದು ಪದರ ತೆಗೆದರೆ ಸ್ಪಿಂಡಲ್ ಬಿಗಿಯಾಗುತ್ತದೆ. ನನ್ನದರಲ್ಲಿ 0.09 ಮಿಲಿಮೀಟರ್ ಇದ್ದ ಆಟ ಹೀಗೆ 0.03ಕ್ಕೆ ಬಂತು, ಒಂದು ರೂಪಾಯಿ ಖರ್ಚಿಲ್ಲದೆ. ಜಾಸ್ತಿ ಬಿಗಿ ಮಾಡಿದರೆ ಬುಷ್ ಸುಡುತ್ತದೆ, ಹತ್ತು ನಿಮಿಷ ಓಡಿಸಿ ಮುಟ್ಟಿ ನೋಡಿ.

ಗೇರಿನಲ್ಲಿ ಹಲ್ಲು ಹೋಗಿರುವುದು ಬ್ಯಾಕ್ ಗೇರಿನಲ್ಲೇ (ಸ್ಪಿಂಡಲ್ಲಿನ ಸ್ಪೀಡ್ ಕಮ್ಮಿ ಮಾಡುವ ಗೇರು) ಜಾಸ್ತಿ. ಕಾರಣ ಹೇಳುತ್ತೇನೆ. ಚಕ್ ಸ್ಪಿಂಡಲ್ಲಿನ ಥ್ರೆಡ್ಡಿಗೆ ಕಚ್ಚಿಕೊಂಡು ಬಿಡುವುದಿಲ್ಲ, ಆಗ ಬ್ಯಾಕ್ ಗೇರ್ ಹಾಕಿ ಸ್ಪಿಂಡಲ್ ಲಾಕ್ ಮಾಡಿ ಚಕ್ಕಿಗೆ ಉದ್ದದ ಪೈಪ್ ಕೊಟ್ಟು ಎಳೆಯುತ್ತಾರೆ. ಚಕ್ ಬಿಡುವ ಮೊದಲೇ ಹಲ್ಲು ಹೋಗುತ್ತದೆ. ನೀವು ಹಾಗೆ ಮಾಡಬೇಡಿ. ಥ್ರೆಡ್ಡಿನ ಸಂದಿಗೆ ದಿನಾ ಸ್ವಲ್ಪ ಡೀಸೆಲ್ ಬಿಡಿ. ನಾಲ್ಕು ದಿನ ಕಳೆದು ಚಕ್ಕಿನಲ್ಲಿ ದಪ್ಪ ಷಟ್ಕೋನದ ರಾಡ್ ಹಿಡಿಸಿ, ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡು, ರಾಡಿಗೆ ಹಾಕಿದ ಸ್ಪ್ಯಾನರಿಗೆ ಮರದ ಸುತ್ತಿಗೆಯಿಂದ ಒಂದೇ ಏಟು ಕೊಡಿ. ನಿಧಾನಕ್ಕೆ ಎಳೆಯುವುದಕ್ಕಿಂತ ಥಟ್ಟನೆ ಕೊಡುವ ಏಟಿಗೆ ಅದು ಬಿಡುತ್ತದೆ.

ಕಂಪನಿಯ ಬಗ್ಗೆ ಒಂದು ಮಾತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಥವಾ ಬೆಂಗಳೂರಿನ ಎಚ್‌ಎಂಟಿ ಲೇತ್ ಸಿಕ್ಕಿದರೆ ಎರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ, ಅದರ ಪಾರ್ಟು, ಅದು ಗೊತ್ತಿರುವ ಮೆಕ್ಯಾನಿಕ್ಕು ಕರ್ನಾಟಕದಲ್ಲಿ ಇನ್ನೂ ಸಿಗುತ್ತಾರೆ. ಬಟಾಲ, ರಾಜ್‌ಕೋಟ್ ಕಡೆಯ ಸಣ್ಣ ಕಾರ್ಖಾನೆಗಳ ಲೇತೂ ಕೆಲಸ ಮಾಡುತ್ತದೆ, ಆದರೆ ಒಂದರ ಗೇರ್ ಇನ್ನೊಂದಕ್ಕೆ ಕೂರುವುದು ಅದೃಷ್ಟ.

ಸಾಗಿಸುವುದಕ್ಕೆ ಹೆಚ್ಚು ಹೇಳುವುದಿಲ್ಲ. ಲೇತಿಗೆ ಭಾರವೆಲ್ಲ ಚಕ್ಕಿನ ಕಡೆ ಮತ್ತು ಮೇಲೆ, ಸುಲಭದಲ್ಲಿ ಮಗುಚುತ್ತದೆ. ಸ್ಯಾಡಲ್ಲನ್ನು ಟೈಲ್‌ಸ್ಟಾಕ್ ತುದಿಗೆ ದೂಡಿ ಲಾಕ್ ಮಾಡಿ, ಚೈನ್ ಬ್ಲಾಕಿನ ಹಗ್ಗ ಬೆಡ್ಡಿಗೆ ಹಾಕಿ, ಲೀಡ್ ಸ್ಕ್ರೂಗೆ (ಥ್ರೆಡ್ ಕಡಿಯುವಾಗ ಸ್ಯಾಡಲ್ಲನ್ನು ಓಡಿಸುವ ಉದ್ದದ ಸ್ಕ್ರೂ) ತಾಗಿಸಬೇಡಿ. ಅಂಗಳದಿಂದ ಶೆಡ್ಡಿಗೆ ನಾವು ಮೂರು ಜಿಐ ಪೈಪ್ ಅಡಿಯಲ್ಲಿ ಹಾಕಿ ಉರುಳಿಸಿದೆವು, ದಾರಿಗೆ ಹಳೇ ಬಾಗಿಲಿನ ಹಲಗೆ. ಶೆಡ್ಡಿನ ನೆಲ ಕಾಂಕ್ರೀಟ್ ಇರಬೇಕು. ಬರೀ ಕೆಂಪುಕಲ್ಲಿನ ಮೇಲೆ ಸಿಮೆಂಟ್ ಬಳಿದ ನೆಲ ಸಾಲುವುದಿಲ್ಲ.

ಬಂದ ಮೇಲೆ ಬಿಚ್ಚುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಮೊದಲು ಎಲ್ಲ ಎಣ್ಣೆ ತೂತು ಹುಡುಕಿ, ಕೊಳೆ ತೆಗೆದು ಎಣ್ಣೆ ಬಿಡಿ, ಕೈಯಲ್ಲಿ ತಿರುಗಿಸಿ, ತಿರುಗುತ್ತದೆ ಅಂತ ಆದರೆ ಓಡಿಸಿ ನೋಡಿ. ಎಲ್ಲಿ ಸದ್ದು, ಎಲ್ಲಿ ಬಿಸಿ, ಎಲ್ಲಿ ಅಲುಗಾಟ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಚ್ಚಿದ ಮೇಲೆ ಅದು ಗೊತ್ತಾಗುವುದಿಲ್ಲ. ಚೆನ್ನಾಗಿರುವ ಭಾಗವನ್ನು ಸುಮ್ನೆ ಬಿಚ್ಚಿ ಹಾಳು ಮಾಡುವುದೇ ನಮ್ಮಂಥ ಹೊಸಬರ ಚಾಳಿ.

ಇದನ್ನು ನನಗೆ ಹೇಳಿದ್ದು ನಮ್ಮ ಓಣಿಯ ಟರ್ನರಜ್ಜ. ಮಂಗಳೂರಿನಲ್ಲಿ ಒಂದು ಹಂಚಿನ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಇದ್ದವರು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಅಂಥ ಎಷ್ಟೋ ಕಾರ್ಖಾನೆ ಎದ್ದವಲ್ಲ, ಅವುಗಳ ಮಿಷನ್ ರಿಪೇರಿಗೆ ಟರ್ನರು, ಫಿಟ್ಟರು ಬೇಕೇ ಬೇಕಿತ್ತು. ಆ ಕೈಗಳು ಈಗ ಕಮ್ಮಿಯಾಗುತ್ತಿವೆ. ನಿಮ್ಮ ಓಣಿಯಲ್ಲೂ ಒಬ್ಬರು ಇರಬಹುದು, ಒಂದು ಚಹಾ ಕುಡಿಸಿ ಮಾತಾಡಿಸಿ, ಯಾವ ವೀಡಿಯೋಗಿಂತಲೂ ಅದು ಮೇಲು.

ಲೀಡ್ ಸ್ಕ್ರೂನ ತುದಿಯಲ್ಲಿ ಒಂದು ಕಾಲರ್, ಅದಕ್ಕೊಂದು ಪಿನ್ನು. ಒಂದು ಭಾನುವಾರ ಬೆಳಿಗ್ಗೆಯಿಂದ ಅದನ್ನು ಹೊಡೆಯುತ್ತಿದ್ದೆ. ಪಂಚ್ ಬಗ್ಗಿತು, ಪಿನ್ನಿನ ತಲೆ ಅಣಬೆಯ ಹಾಗೆ ಅಗಲ ಆಯಿತು, ಹೊರಗೆ ಮಾತ್ರ ಬರಲಿಲ್ಲ. ಸದ್ದು ಕೇಳಿ ಟರ್ನರಜ್ಜ ಬಂದರು. ಲುಂಗಿ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಪಿನ್ನಿನ ಆಚೆ ತುದಿಯನ್ನು ಬೆರಳಲ್ಲಿ ಸವರಿದರು.

"ಎಂತ ಮಾರಾಯ, ಬಾಟ್ಲಿಯ ಬಿರಡೆಯನ್ನು ಒಳಗೆ ಹೊಡೆದು ತೆಗೆಯುವುದಾ?"

ಅದು ಟೇಪರ್ ಪಿನ್. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. 50 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ದಪ್ಪ ತುದಿಯಿಂದ ಹೊಡೆದಷ್ಟೂ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಾನು ಎರಡು ಗಂಟೆ ಅದನ್ನೇ ಮಾಡಿದ್ದೆ. ಅವರು ಅಣಬೆಯಾದ ತಲೆಯನ್ನು ಫೈಲ್ ಹಾಕಿ ಉಜ್ಜಿಸಿದರು, ಆಚೆ ಕಡೆಯಿಂದ ಮೂರು ಏಟು ಕೊಟ್ಟರು, ಪಿನ್ ಟಣ್ ಅಂತ ನೆಲಕ್ಕೆ ಬಿತ್ತು. ಯಾವ ಪಿನ್ ಹೊಡೆಯುವ ಮೊದಲೂ ಎರಡು ತುದಿಯನ್ನು ವರ್ನಿಯರಿನಲ್ಲಿ ಅಳೆಯಿರಿ.

ತುಕ್ಕು ತೆಗೆಯುವುದಕ್ಕೆ ಸಣ್ಣ ಭಾಗಗಳಿಗೆ ಕರೆಂಟಿನ ವಿಧಾನ ಒಳ್ಳೆಯದು. ಪೇಂಟಿನ ಹಳೇ ಬಕೆಟ್, ನೀರು, ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡ, ಒಂದು 12 ವೋಲ್ಟಿನ ಬ್ಯಾಟರಿ ಚಾರ್ಜರ್. ಚಾರ್ಜರಿನ ಮೈನಸ್ ತುದಿ ನಿಮ್ಮ ಪಾರ್ಟಿಗೆ, ಪ್ಲಸ್ ತುದಿ ಯಾವುದಾದರೂ ಗುಜರಿ ಕಬ್ಬಿಣದ ರಾಡಿಗೆ. ಉಲ್ಟಾ ಕೊಟ್ಟರೆ ನಿಮ್ಮ ಪಾರ್ಟೇ ಕರಗುತ್ತದೆ. ಪ್ಲಸ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಲೇಬೇಡಿ, ಸ್ಟೇನ್‌ಲೆಸ್ ಸ್ಟೀಲಿನಿಂದ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಗ್ಯಾಸ್ ಬರುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಒಂದು ರಾತ್ರಿ ಇಟ್ಟರೆ ತುಕ್ಕು ಕಪ್ಪು ಕೆಸರಾಗಿ ಬ್ರಷ್ಷಿಗೆ ಬರುತ್ತದೆ. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ವಾಪಸ್ ಬರುವಾಗ ಮತ್ತೆ ಕೆಂಪು.

ಬೆಡ್ಡಿಗೆ ಮಾತ್ರ ಇದು ಬೇಡ, ಎಮರಿ ಪೇಪರೂ ಬೇಡ. ಎಮರಿಯ ಪುಡಿ ಬೀಡಿನ ಸಣ್ಣ ಸಣ್ಣ ರಂಧ್ರದಲ್ಲಿ ಕೂತು ಆಮೇಲೆ ಸ್ಯಾಡಲ್ಲನ್ನು ದಿನಾ ಸವೆಸುತ್ತದೆ. ಚಿಮಿಣಿ ಎಣ್ಣೆ ಸುರಿದು ಶೇವಿಂಗ್ ಬ್ಲೇಡನ್ನು ಓರೆ ಹಿಡಿದು ಕೆರೆಯಿರಿ. ನಿಧಾನ ಆಗುತ್ತದೆ, ನನಗೆ ನಾಲ್ಕು ಸಂಜೆ ಹಿಡಿಯಿತು. ಕಪ್ಪು ಕಲೆ ಉಳಿದರೆ ಉಳಿಯಲಿ, ಉಬ್ಬು ಹೋದರೆ ಸಾಕು.

ಕರೆಂಟು. ಮನೆಗೆ ಮೆಸ್ಕಾಂನವರು ಕೊಟ್ಟದ್ದು ಸಿಂಗಲ್ ಫೇಸ್ ಆದರೆ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸಾಕು. ತ್ರೀ ಫೇಸ್ ಮೋಟಾರ್ ಲೇತಿನ ಜೊತೆಗೇ ಬಂದಿದ್ದರೆ ಪ್ಲೇಟ್ ಓದಿ. ಡೆಲ್ಟಾ ಕನೆಕ್ಷನ್‌ನಲ್ಲಿ 230 ವೋಲ್ಟ್ ಅಂತ ಇದ್ದರೆ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಕೊಡುವ ಪೆಟ್ಟಿಗೆ) ಹಾಕಿ ಮನೆಯ ಕರೆಂಟಿನಲ್ಲೇ ಓಡಿಸಬಹುದು, ಸ್ಪೀಡೂ ಬೇಕಾದ ಹಾಗೆ ಬದಲಿಸಬಹುದು. ವಿಎಫ್‌ಡಿಯಲ್ಲಿ ರಿವರ್ಸ್ ಬಟನ್ ಇರುತ್ತದೆ, ಥ್ರೆಡ್ ಚಕ್ ಇರುವ ಲೇತಿನಲ್ಲಿ ಅದನ್ನು ಬಂದ್ ಮಾಡಿಡಿ, ಇಲ್ಲದಿದ್ದರೆ ತಿರುಗುವ ಚಕ್ ತಾನೇ ಕಳಚಿಕೊಂಡು ಹೊರಗೆ ಬರುತ್ತದೆ. ಬೆಲ್ಟಿಗೆ ಚರ್ಮ ಬೇಡ, ಆಟಿ ತಿಂಗಳ ಮಳೆಯಲ್ಲಿ ಅದಕ್ಕೆ ಹಸಿರು ಬೂಷ್ಟು ಬರುತ್ತದೆ, ಹಿಗ್ಗಿ ಜಾರುತ್ತದೆ. ನಾನು ನೈಲಾನ್ ಹಾಕಿದೆ. ಲುಂಗಿ, ಕೈಗವಸು, ಕುತ್ತಿಗೆಯ ಸರ, ಉದ್ದ ತೋಳು ಯಾವುದೂ ಓಡುವ ಲೇತಿನ ಹತ್ತಿರ ಬೇಡ. ಟರ್ನರಜ್ಜನ ಲುಂಗಿ ನೋಡಿ ಕಲಿಯಬೇಡಿ, ಅವರು ಬಂದದ್ದು ಲೇತ್ ನಿಂತಿದ್ದಾಗ.

ಎಲ್ಲ ಜೋಡಿಸಿ ಓಡಿಸಿದರೆ ರಾಡು ಟೇಪರಾಗಿ ಬರುತ್ತದೆ, ಆಗ ಎಲ್ಲರೂ ಬೆಡ್ ಸವೆದಿದೆ ಅಂತ ಬೇಜಾರು ಮಾಡುತ್ತಾರೆ. ಹೆಚ್ಚಿನ ಸಲ ಕಾರಣ ಬೆಡ್ ತಿರುಚಿಕೊಂಡಿರುವುದು. ನಾಲ್ಕು ಕಾಲನ್ನು ಸಮ ಇಲ್ಲದ ನೆಲಕ್ಕೆ ಬೋಲ್ಟ್ ಹಾಕಿ ಎಳೆದರೆ ಎಂಥ ಬೀಡೂ ತಿರುಚುತ್ತದೆ. ಇದಕ್ಕೆ ದುಬಾರಿ ಲೆವೆಲ್ ಬೇಡ. ಇಪ್ಪತ್ತೈದು, ಮೂವತ್ತು ಮಿಲಿಮೀಟರಿನ ರಾಡು ಚಕ್ಕಿನಲ್ಲಿ ಹಿಡಿಸಿ, ಆರಿಂಚು ಹೊರಗೆ ಬಿಡಿ, ಟೈಲ್‌ಸ್ಟಾಕ್ ತಾಗಿಸಬೇಡಿ. ನಡುವಿನ ಭಾಗ ಸ್ವಲ್ಪ ಇಳಿಸಿ ಎರಡು ತುದಿಗೆ ಬಳೆಯ ಹಾಗೆ ಉಬ್ಬು ಬಿಡಿ. ಟೂಲನ್ನು ಅಲುಗಿಸದೆ ಎರಡು ಬಳೆಗೂ ಒಂದೇ ತೆಳ್ಳಗಿನ ಕಟ್ ಹಾಕಿ, ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊರಗಿನ ಬಳೆ ದಪ್ಪ ಬಂದರೆ ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ, ಅಂದರೆ ನೀವು ನಿಲ್ಲುವ ಕಡೆಯ ಕಾಲಿನ ಅಡಿಗೆ ತೆಳ್ಳಗಿನ ತಗಡು ಕೊಡಿ. ಸಣ್ಣ ಬಂದರೆ ಹಿಂದಿನ ಕಾಲಿಗೆ. ನನ್ನದು ಮೊದಲು 0.08 ಮಿಲಿಮೀಟರ್ ತೋರಿಸಿತು. ತಂಪು ಪಾನೀಯದ ಕ್ಯಾನ್ ಕತ್ತರಿಸಿ ತಗಡು ಮಾಡಿ ಒಂದೊಂದೇ ಹಾಕುತ್ತಾ ಹೋದೆ, ಏಳನೇ ಸಲಕ್ಕೆ 0.01ಕ್ಕೆ ಬಂತು. ಆ ದಿನ ಮನೆಯಲ್ಲಿ ಎಲ್ಲರನ್ನೂ ಕರೆದು ಎರಡು ಬಳೆ ತೋರಿಸಿದೆ. ಹೆಂಡತಿ ನೋಡಿ, "ಎರಡೂ ಒಂದೇ ಥರ ಉಂಟಲ್ಲ, ಇದರಲ್ಲಿ ಎಂತ ಉಂಟು?" ಅಂದಳು. ಅದೇ ತಾನೇ ಬೇಕಾದ್ದು!

ಪೇಂಟ್ ಕೊನೆಗೆ, ಬೇಕಾದರೆ ಮಾತ್ರ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಗ್ರೈಂಡರ್ ಹಾಕಿ ಪುಡಿ ಮಾಡಬೇಡಿ, ಒದ್ದೆ ಮಾಡಿ ಕೆರೆಯಿರಿ.

ಮಳೆಗಾಲಕ್ಕೆ: ಬೆಡ್ಡಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆ ಧಾರಾಳ ಹಚ್ಚಿ. ಅಡುಗೆಮನೆಯ ಎಣ್ಣೆ ಬೇಡ, ಅಂಟಾಗುತ್ತದೆ. ಮೇಲೆ ಪ್ಲಾಸ್ಟಿಕ್ ಟಾರ್ಪಲ್ ಹೊದೆಸಿದರೆ ಒಳಗೆ ನೀರು ಕೂತು ತುಕ್ಕಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಹಳೇ ಹತ್ತಿ ಬೆಡ್‌ಶೀಟ್ ಹೊದೆಸಿ, ಅಡಿಯ ಟ್ರೇ ಹತ್ತಿರ, ಬಟ್ಟೆಗೂ ಎಣ್ಣೆಗೂ ತಾಗದ ಹಾಗೆ ಬಲೆಯ ಗೂಡಿನೊಳಗೆ, ಹಳೇ ಕಾಲದ 60 ವಾಟಿನ ಬಲ್ಬ್ ಉರಿಸಿ. ಎಲ್‌ಇಡಿ ಆಗುವುದಿಲ್ಲ, ಬೇಕಾದ್ದು ಬೆಳಕಲ್ಲ, ಬಿಸಿ. ಕಬ್ಬಿಣ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಬೆವರುವುದಿಲ್ಲ. ನನ್ನ ಲೇತ್ ಹೀಗೆ ಮೂರು ಮಳೆಗಾಲ ಕಳೆದಿದೆ.

ಹೊರಗೆ ಮಾಡಿಸುವ ಕೆಲಸ, ಗೇರ್ ಹಲ್ಲು ಕಡಿಸುವುದು, ಹೊಸ ಗನ್‌ಮೆಟಲ್ ನಟ್ ಇತ್ಯಾದಿ, ಜೂನ್ ಜುಲೈಗೆ ಇಟ್ಟುಕೊಳ್ಳಬೇಡಿ. ಆಗ ಮೀನುಗಾರಿಕೆ ನಿಷೇಧ, ಬೋಟೆಲ್ಲ ದಡದಲ್ಲಿ, ಮಲ್ಪೆಯ ಶಾಪಿನವರಿಗೆ ನಿಮ್ಮ ಸಣ್ಣ ಕೆಲಸಕ್ಕೆ ಪುರುಸೊತ್ತಿಲ್ಲ. ನಾನು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಮಾಡಿಸಿದೆ, ಅಲ್ಲೂ ಮೂರು ಸಲ ಓಡಾಡಬೇಕಾಯಿತು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ನನಗೆ ಲೇತಿಗೆ 34,000, ಸಾಗಿಸಲು 4,500, ಮೋಟಾರ್, ಬೆಲ್ಟ್, ಗೇರ್, ಎಣ್ಣೆ, ಒಡೆದು ಹೋದ ಪಂಚು ಎಲ್ಲ ಸೇರಿ 70,000ದ ಹತ್ತಿರ. ಹದಿನಾಲ್ಕು ತಿಂಗಳು.

ದುಡ್ಡು ಕೊಡುವ ಮೊದಲು ಚೇಂಜ್ ಗೇರ್ (ಬೇರೆ ಬೇರೆ ಥ್ರೆಡ್ ಕಡಿಯಲು ಬದಲಿಸಿ ಹಾಕುವ ಗೇರುಗಳು) ಎಣಿಸಿ. ಹಳೇ ಲೇತಿನ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು, ಅದರಲ್ಲಿ ಸರಿಯಾದ ಮಿಲಿಮೀಟರ್ ಥ್ರೆಡ್ ಕಡಿಯಲು 127 ಹಲ್ಲಿನ ಗೇರ್ ಬೇಕು. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದನ್ನು ಐದು ಪಟ್ಟು ಮಾಡಿದರೆ 127. ಇಂಚಿಗೆ ನಾಲ್ಕು ಥ್ರೆಡ್ಡಿನ ಲೀಡ್ ಸ್ಕ್ರೂನಲ್ಲಿ ಒಂದೂವರೆ ಮಿಲಿಮೀಟರ್ ಪಿಚ್ ಬೇಕಾದರೆ 30ಕ್ಕೆ 127, ಸರಿಯಾಗಿ ಕೂರುತ್ತದೆ. ಆ ದೊಡ್ಡ ಗೇರ್ ಮತ್ತು ಅದರ ಜೊತೆಯವು ಲೇತಿನ ಮೇಲೆ ಇರುವುದಿಲ್ಲ, ಶಾಪಿನಿಂದ ಬರುವಾಗ ಬೇರೆ ಗೋಣಿಯಲ್ಲಿ ಬಂದು ಗುಜರಿಯ ಯಾವುದೋ ಮೂಲೆಯಲ್ಲಿ ಬಿದ್ದಿರುತ್ತವೆ. ಲೇತ್ ತೂಕಕ್ಕೆ ಹಾಕುವ ಮೊದಲೇ ಕೇಳಿ, ಸಿಕ್ಕಿದರೆ ಅದೇ ತಕ್ಕಡಿಗೆ ಹಾಕಿಸಿ. ನಾನು ಆಮೇಲೆ ಕೇಳಲು ಹೋದೆ, ಆಗ ಅದಕ್ಕೆ ಬೇರೆ ರೇಟು ಹೇಳಿದರು.